ಸಂಪಿಗೆ ಎಂಬ ಹುಳು

೨೦೨೪ನೆಯ ಇಸವಿ, ನವೆಂಬರ್ ಹನ್ನೆರಡು, ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆ.

ನೆಲ್ಯಹುದಿಕೇರಿಯ ಎಸ್ಟೇಟೊಂದರಲ್ಲಿ ಕಾಫಿ ಕುಯ್ಯುವ ಸುಬ್ಬಿಯು ತನ್ನ ಹಸು ಸಂಪಿಗೆಗೆ ಹಿಪ್ಪುನೇರಳೆ ಸೊಪ್ಪು ತಿನ್ನಿಸುತ್ತಿರುವುದು ಎಲೆ ಸದ್ವಿನಿಯೋಗ ಕಚೇರಿಯ ಗಮನಕ್ಕೆ ಬಂದಿತ್ತು. ನೆಡಲು ಕಡ್ಡಿಗಳನ್ನು ಕೊಟ್ಟದ್ದು ಇದೇ ಕಚೇರಿ. ಮೂರು ಕಣ್ಣಿನ ಕಡ್ಡಿಯನ್ನು ಓರೆಯಾಗಿ ನೆಟ್ಟು, ಚಿಗುರಲು ಒಂದು ಕಣ್ಣನ್ನು ಮಣ್ಣಿನ ಮೇಲೆ ಬಿಡಬೇಕೆಂದು ಕಲಿಸಿದ್ದೂ ಇದೇ ಕಚೇರಿ. ಸುಬ್ಬಿ ಹಾಗೆಯೇ ಮಾಡಿದಳು. ಇನ್ನೂರು ಕಡ್ಡಿಗಳಲ್ಲಿ ಇನ್ನೂರೂ ಚಿಗುರಿದವು. ಕಚೇರಿಯ ಅನುಭವದಲ್ಲಿ ಹಾಗಾದದ್ದಿಲ್ಲ. ಅನುಮಾನ ಹುಟ್ಟಿದ್ದು ಅಲ್ಲಿಂದಲೇ.

ನಿಯಮ ಏಳರ ಪ್ರಕಾರ ಈ ಎಲೆಯನ್ನು ರೇಷ್ಮೆಹುಳು ಮಾತ್ರ ತಿನ್ನತಕ್ಕದ್ದು. ಅನ್ಯ ಪ್ರಾಣಿ ತಿಂದಲ್ಲಿ ಗಿಡಗಳನ್ನು ಬೇರುಸಹಿತ ಕೀಳತಕ್ಕದ್ದು. ತಿಂದ ಪ್ರಾಣಿಯ ಬಗ್ಗೆ ನಿಯಮವು ಮೌನವಾಗಿದೆ.

ಅಧಿಕಾರಿ ಧರ್ಮೇಶ್, ಗುಮಾಸ್ತ ಜಯಪ್ರಕಾಶ್ ಮತ್ತು ಗುದ್ದಲಿ ಹೊತ್ತ ಕೆಂಚ ಸ್ಥಳಕ್ಕೆ ಬಂದರು.

"ಕೀಳ್ಬೇಡಿ ಸಾರ್," ಎಂದಳು ಸುಬ್ಬಿ. "ಹುಲ್ಲಿಗೆ ಅಂತ ಹೊಳೆದಂಡೆಗೆ ಹೋದ್ರೆ ಆನೆ ನಿಂತಿರ್ತದೆ. ಈ ಸೊಪ್ಪೂ ಇಲ್ದಿದ್ರೆ ಸಂಪಿಗೇನ ಮಾರೋದೇ."

"ಹುಳು ಸಾಕಬಹುದಿತ್ತಲ್ಲಮ್ಮ?"

"ಹುಳ ಹಾಲು ಕೊಡ್ತದಾ ಸಾರ್?"

ಇದಕ್ಕೆ ಉತ್ತರ ಕೊಡುವ ಅಧಿಕಾರ ಧರ್ಮೇಶ್ ಅವರಿಗೆ ಇರಲಿಲ್ಲ.

ಜಯಪ್ರಕಾಶ್ ದಯಾಳು. ಹುಳುವಿನ ಗಾತ್ರವನ್ನು ನಿಯಮಗಳಲ್ಲಿ ಎಲ್ಲಿಯೂ ನಿಗದಿಪಡಿಸಿಲ್ಲವೆಂಬುದನ್ನು ಅವರು ಮೆಲ್ಲಗೆ ತೋರಿಸಿಕೊಟ್ಟರು. ಕೂಡಲೇ ಹುಳು ದೃಢೀಕರಣದ ನಮೂನೆಯನ್ನು ತೆರೆಯಲಾಯಿತು.

"ಜ್ವರ ಎಷ್ಟಾಗಿದೆ?" ಹುಳು ಪೊರೆ ಕಳಚುವುದಕ್ಕೆ ರೇಷ್ಮೆಯವರು ಜ್ವರವೆನ್ನುತ್ತಾರೆ. ನಾಲ್ಕು ಆಗಬೇಕು.

"ಹೋದ ಮಳೇಲಿ ಒಂದ್ಸಲ. ಡಾಕ್ಟ್ರು ಇಂಜೆಕ್ಷನ್ ಕೊಟ್ರು."

'ಒಂದು ಆಗಿದೆ, ಮೂರು ನಿರೀಕ್ಷಿಸಲಾಗಿದೆ' ಎಂದು ಜಯಪ್ರಕಾಶ್ ಬರೆದರು. "ಹಣ್ಣಾಗಿದೆಯೇ?" ಗೂಡು ಕಟ್ಟಲು ಸಿದ್ಧವಾದ ಹುಳು ಹಣ್ಣಾಯಿತೆನ್ನುವುದು ವಾಡಿಕೆ.

"ಹಣ್ಣಾಗಿರೋದು ನಾನು ಸಾರ್. ಅದಿನ್ನೂ ಎರಡ್ನೇ ಕರು ಹಾಕಿರೋದು."

ಕೊನೆಯ ಕಾಲಂ ಗೂಡಿನದು. ಗೂಡು ಕಟ್ಟದ್ದು ಹುಳುವಲ್ಲ. ಕೆಂಚ ಗುದ್ದಲಿಯನ್ನು ಹೆಗಲಿನಿಂದ ಇಳಿಸಿದ.

"ಕಟ್ಟಿದೆಯೇ?" ಎಂದು ಧರ್ಮೇಶ್ ಅವರೇ ಕೇಳಿದರು.

ಸುಬ್ಬಿ ಕೊಟ್ಟಿಗೆಯ ಕಡೆ ನೋಡಿದಳು. "ಬೆಳಗ್ಗೆ ಹಾಲು ಕರೆದ ಕೂಡ್ಲೆ ಕಟ್ಟಿದೆ ಸಾರ್."

ವ್ಯಾಕರಣದ ದೃಷ್ಟಿಯಿಂದ ಉತ್ತರ ಸರಿಯಾಗಿತ್ತು. ಧರ್ಮೇಶ್ ಕೊಟ್ಟಿಗೆಯೊಳಗೆ ಬಗ್ಗಿ ನೋಡಿದರು. ಒಳಗೆ ಸಂಪಿಗೆ ಮಲಗಿ ಮೆಲುಕು ಹಾಕುತ್ತಿತ್ತು. ಅದರ ಬಾಯಿಯಿಂದ ಉದ್ದನೆಯ ಬಿಳಿ ಎಳೆಯೊಂದು ನೆಲದವರೆಗೆ ಇಳಿದಿತ್ತು.

"ಅದೇನದು?"

"ನೂಲು ಸಾರ್," ಎಂದ ಕೆಂಚ. ಅವನ ಮನೆಯಲ್ಲೂ ಎರಡು ಹಸುಗಳಿದ್ದವು.

'ಎಳೆ ಉತ್ತಮವಾಗಿದೆ; ಸ್ವಲ್ಪ ತೇವ' ಎಂದು ದಾಖಲಿಸಿ, ಧರ್ಮೇಶ್ ಸಹಿ ಹಾಕಿದರು. ಗಿಡಗಳು ಉಳಿದವು. ಹುಳುವಿನ ದೃಢೀಕರಣ ಪತ್ರವನ್ನು ಕೊಟ್ಟಿಗೆಯ ಬಾಗಿಲಿಗೆ ಅಂಟಿಸಲಾಯಿತು. ಕೆಂಚ ಅದೇ ಗುದ್ದಲಿಯಿಂದ ಗಿಡಗಳ ಬುಡಕ್ಕೆ ಮಣ್ಣು ಏರಿಸಿ, ಸುಬ್ಬಿಯಿಂದ ಒಂದು ಕಟ್ಟು ಕಡ್ಡಿ ಕೇಳಿ ಪಡೆದ. ತನ್ನ ಮನೆಯಲ್ಲೂ ಎರಡು ಹುಳುಗಳಿವೆ ಎಂದ.

ಬಳಿಕ ಎಲ್ಲರೂ ಹುಳುವಿನ ಹಾಲಿನ ಕಾಫಿ ಕುಡಿದರು. ಧರ್ಮೇಶ್ ಇನ್ನೊಂದು ಲೋಟ ಕೇಳಿದರು.

ಹಾಜರಿದ್ದವರು: ಧರ್ಮೇಶ್, ಜಯಪ್ರಕಾಶ್, ಕೆಂಚ, ಸುಬ್ಬಿ, ಸಂಪಿಗೆ (ಹುಳು).