ಎಲ್ಲಾ ಅಕ್ಷರಕ್ಕೂ ರೈಟ್ ಮಾರ್ಕು

ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ನಾನು ಕನ್ನಡದಲ್ಲಿ ಎಂ.ಎ. ಮಾಡಿದವಳು. ಇದನ್ನು ನೀವು ಕೇಳಿರಲಿಲ್ಲ, ನಿಜ. ಆದರೆ ಮುಂದಿನದನ್ನು ಓದಿದ ಮೇಲೆ ಖಂಡಿತ ಕೇಳುತ್ತೀರಿ!

ಇನ್ನೊಂದು ಮಾತು. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಇಲ್ಲ. ಅದು ಪ್ರತಿ ಘಟನೆಯಲ್ಲೂ ನನ್ನನ್ನು ಸ್ವಲ್ಪ ಜಾಣೆಯನ್ನಾಗಿಯೂ ಉಳಿದವರನ್ನು ಸ್ವಲ್ಪ ದಡ್ಡರನ್ನಾಗಿಯೂ ತೋರಿಸುತ್ತದೆ. ಹಾಗಾಗಿ ಡೈರಿ ಬರೆಯುತ್ತೇನೆ. ಡೈರಿಯೂ ಅದನ್ನೇ ಮಾಡುತ್ತದೆ, ಆದರೆ ತಾರೀಕು ಹಾಕಿ ಮಾಡುತ್ತದೆ. ಅಷ್ಟೇ ವ್ಯತ್ಯಾಸ. ಈ ಪ್ರಕರಣದಲ್ಲಿ ಎರಡೂ ಎಲ್ಲೆಲ್ಲಿ ಜಗಳವಾಡುತ್ತವೋ ಅಲ್ಲಲ್ಲಿ ತಿಳಿಸುತ್ತೇನೆ.

ಬಳ್ಳಾರಿಯ ಗಾಂಧಿನಗರದಲ್ಲಿ ನಾವು ಆರು ಜನ ಸೇರಿ ಒಂದು ಗುಂಪು ಕಟ್ಟಿಕೊಂಡಿದ್ದೆವು. ಕುರುಗೋಡಿನಾಚೆಯ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಗೆ ಪ್ರತಿ ಶನಿವಾರ ಹೋಗಿ, ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಹೇಳಿಕೊಡುವುದು, ಜೊತೆಗೆ ಶಾಲೆಯ ಆವರಣವನ್ನು ಚೆಂದ ಮಾಡುವುದು ನಮ್ಮ ಉದ್ದೇಶ. ಗುಂಪಿನಲ್ಲಿ ಇಬ್ಬರು ಗಿಡ ನೆಡುವವರು, ಒಬ್ಬರು ನಲ್ಲಿ ರಿಪೇರಿ ಮಾಡುವವರು, ಇಬ್ಬರು ಫೋಟೋ ತೆಗೆಯುವವರು. ಭಾಷೆಯ ಖಾತೆ ನನ್ನದು. ನಾನೇ ಕೇಳಿ ಪಡೆದದ್ದಲ್ಲ ಎಂದು ನನ್ನ ನೆನಪು. ಕೇಳಿಯೇ ಪಡೆದೆ ಎಂದು ಡೈರಿ.

ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ಹೆಡ್ ಮೇಡಂ ಎನ್ನುತ್ತಾರೆ. ಅವರು ಮೊದಲ ದಿನವೇ ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ಕೈಹಿಡಿದು ಕರೆತಂದು ನನ್ನ ಮುಂದೆ ಕೂರಿಸಿದರು.

"ಇಕಿ ಹುಲಿಗೆಮ್ಮ. ಅಪ್ಪ-ಅವ್ವನ ಜೋಡಿ ಕುರಿ ಹೊಡಕೊಂಡು ಊರೂರು ತಿರಗಿ ಎರಡು ವರ್ಷ ಸಾಲಿ ತಪ್ಪಿಸ್ಯಾಳ. ಲೆಕ್ಕದಾಗ ಹುಲಿ. ಓದಾಕ ಕೊಟ್ರ ಬಾಯಿ ಬಿಡಂಗಿಲ್ಲ."

ಹುಲಿಗೆಮ್ಮನಿಗೆ ಒಂದೇ ಒಂದು ಆಸೆ ಇತ್ತು. ಆ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ದಿನಕ್ಕೊಬ್ಬರು ಕಟ್ಟೆಯ ಮೇಲೆ ನಿಂತು ಪೇಪರಿನ ಐದು ಸುದ್ದಿ ಓದಬೇಕು. ಹಾಜರಿ ಪ್ರಕಾರ ಪಾಳಿ. ಅವಳ ಹೆಸರು ಬಂದಾಗಲೆಲ್ಲ ಸದ್ದಿಲ್ಲದೆ ಮುಂದಿನ ಹೆಸರಿಗೆ ಹೋಗುತ್ತಿತ್ತು. ಅವಳು ನನ್ನನ್ನು ಕೇಳಿದ ಮೊದಲ ಮಾತೇ ಅದು: "ನನ್ನ ಪಾಳಿ ಯಾವಾಗ ಬರ್ತೈತ್ರಿ ಟೀಚರ್?"

"ಗ್ವಾಡಿ ಮ್ಯಾಲ ಅಕ್ಷರ ಬರೆಸ್ತೀನಿ. ಅದರ ಉದ್ಘಾಟನೆ ದಿನ ನೀನೇ ಪೇಪರ್ ಓದ್ತಿ," ಎಂದೆ ನಾನು. ಎಂಥ ಆತ್ಮವಿಶ್ವಾಸ! ಹೆಡ್ ಮೇಡಂ ಕೂಡ ಒಪ್ಪಿದರು. ಹುಲಿಗೆಮ್ಮ ನನ್ನ ಕೈಯನ್ನು ಎರಡು ಸಲ ಮುಟ್ಟಿ ಆಣೆ ಮಾಡಿಸಿಕೊಂಡಳು.

ಗೋಡೆಯ ಮೇಲೆ ದೊಡ್ಡದಾಗಿ ವರ್ಣಮಾಲೆ ಬರೆಸುವುದು ನನ್ನ ಯೋಜನೆ. ನಮ್ಮ ಯಜಮಾನರು ಕೌಲ್ ಬಜಾರಿನಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಸಣ್ಣ ಘಟಕ ಇಟ್ಟುಕೊಂಡಿದ್ದಾರೆ. ಅವರ ಅಂಗಡಿ ಬೋರ್ಡು ಬರೆದ ಪೇಂಟರ್ ಮಹಬೂಬ್ ಸಾಬರನ್ನು ಗೊತ್ತು ಮಾಡಿಕೊಟ್ಟರು. ಸಾಬರು ದೊಡ್ಡ ಕೈ. ಸಿರುಗುಪ್ಪದ ಅಕ್ಕಿ ಗಿರಣಿಗಳಿಂದ ಹಿಡಿದು ಗಡಿಯಾಚೆಯ ಗೊಬ್ಬರದ ಅಂಗಡಿಗಳವರೆಗೆ ಅವರ ಅಕ್ಷರಗಳೇ.

ದಸರಾ ರಜೆಯಲ್ಲಿ, ಶಾಲೆಯಲ್ಲಿ ಯಾರೂ ಇಲ್ಲದಾಗ ಕೆಲಸ ಶುರುವಾಯಿತು. ಸಾಬರು ಕುಂಚ ಅದ್ದುವ ಮುನ್ನ ನನ್ನನ್ನು ಒಂದು ಪ್ರಶ್ನೆ ಕೇಳಿದರು.

"ಮೇಡಂ, ತಲಕಟ್ಟು ಯಾವುದು ಹಾಕ್ಲಿ? ಈ ಕಡೀದಾ, ಆ ಕಡೀದಾ?"

ಅಕ್ಷರದ ನೆತ್ತಿಯ ಮೇಲೆ ಎಳೆಯುವ ಗೆರೆಗೆ ತಲಕಟ್ಟು ಎನ್ನುತ್ತಾರೆ. ಇದು ಅಲಂಕಾರದ ಪ್ರಶ್ನೆ ಎಂದು ಎಂ.ಎ. ತಿಳಿದುಕೊಂಡಿತು. ನಾನು ಏನೂ ಹೇಳಲಿಲ್ಲ, ಸುಮ್ಮನೆ ತಲೆಯಾಡಿಸಿದೆ ಎಂದು ನನ್ನ ನೆನಪು ಇವತ್ತಿಗೂ ವಾದಿಸುತ್ತದೆ. ಡೈರಿಯಲ್ಲಿ ಮಾತ್ರ ನನ್ನದೇ ಕೈಬರಹದಲ್ಲಿ, ಹೆಮ್ಮೆಯಿಂದ, ಹೀಗಿದೆ: "ಯಾವುದು ಚೆಂದ ಕಾಣ್ತೈತೋ ಅದು ಹಾಕ್ರಿ, ಕಲಾವಿದರಿಗೆ ನಾ ಏನ್ ಹೇಳಲಿ ಎಂದೆ. ಸಾಬರು ಬಹಳ ಸಂತೋಷಪಟ್ಟರು."

ಸಂತೋಷಪಡದೆ ಏನು! ಅವರ ಕಣ್ಣಿಗೆ ಚೆಂದ ಕಂಡದ್ದು ಆ ಕಡೆಯದು. ಅಂದರೆ ತೆಲುಗಿನದು.

ಇಲ್ಲಿ ಓದುಗರು, "ನಿನಗೆ ಕಣ್ಣಿರಲಿಲ್ಲವೇ?" ಎಂದು ಕೇಳಬಹುದು. ಇತ್ತು, ಆದರೆ ಬಳ್ಳಾರಿಯ ಕಣ್ಣು. ಚಿಕ್ಕಂದಿನಿಂದ ಸಿನಿಮಾ ಪೋಸ್ಟರಿನಲ್ಲಿ, ಬಸ್ಸಿನ ಬೋರ್ಡಿನಲ್ಲಿ ಎರಡೂ ಲಿಪಿ ಓದಿ ಓದಿ ನನಗೆ ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಎಂದು ತಿಳಿಯುವುದೇ ಇಲ್ಲ. ಗೋಡೆ ನೋಡಿದೆ. ಸರಾಗವಾಗಿ ಓದಿದೆ. ಸರಾಗವಾಗಿ ಓದಿದ್ದರಿಂದ ಕನ್ನಡವೇ ಎಂದುಕೊಂಡೆ! ಗುಂಪಿನಲ್ಲಿ ಫೋಟೋ ಹಾಕಿದಾಗ ಉಳಿದ ಐವರೂ ಕೈ ಮುಗಿಯುವ ಚಿತ್ರ ಕಳಿಸಿದರು. ಅವರೂ ಬಳ್ಳಾರಿಯವರೇ.

ರಜೆ ಮುಗಿಯಿತು. ಅದೇ ಹೊತ್ತಿಗೆ ಹೆಡ್ ಮೇಡಂ ತರಬೇತಿಗೆ ಹೋಗಿದ್ದರು. ಹುಲಿಗೆಮ್ಮ ಗೋಡೆಯ ಮುಂದೆ ನಿಂತು ನೋಡಿದಳು.

"ಟೀಚರ್, ಎಲ್ಲಾ ಅಕ್ಷರಕ್ಕೂ ರೈಟ್ ಮಾರ್ಕ್ ಹಾಕ್ಯಾರ!"

ತೆಲುಗಿನ ತಲಕಟ್ಟು ನೋಡಲು ಥೇಟ್ ರೈಟ್ ಮಾರ್ಕಿನಂತೆಯೇ ಇರುತ್ತದೆ. ಈ ಸತ್ಯವನ್ನು ಒಂಬತ್ತು ವರ್ಷದ ಹುಡುಗಿ ಒಂದು ನೋಟಕ್ಕೆ ಕಂಡುಹಿಡಿದಳು. ನಾನು ಅವಳ ತಲೆ ಸವರಿ ಮನೆಗೆ ಬಂದು ಡೈರಿಯಲ್ಲಿ ಬರೆದೆ: "ಮಗುವಿನ ಕಲ್ಪನಾಶಕ್ತಿ ಅದ್ಭುತ. ಪೋಷಿಸಬೇಕು."

ಪೋಷಿಸಿದೆ! ಮುಂದಿನ ಶನಿವಾರ ಅವಳು ತನ್ನ ನೋಟ್‌ಬುಕ್ಕಿನಲ್ಲಿ 'ಕಮಲ' ಎಂದು ಬರೆದಿದ್ದಳು. 'ಕ'ದ ತಲೆಯ ಮೇಲೆ ಒಂದು ರೈಟು, 'ಮ'ದ ಮೇಲೆ ಒಂದು ರೈಟು, 'ಲ'ದ ಮೇಲೂ ಒಂದು ರೈಟು.

"ಗ್ವಾಡಿ ಮ್ಯಾಲ 'ಲ'ಕ್ಕ ಹಾಕಿಲ್ರಿ. ಜ, ಟ, ಬ, ಅವಕ್ಕೂ ಹಾಕಿಲ್ಲ. ಅವು ಫೇಲ್ ಆಗ್ಯಾವೇನ್ರಿ?"

"ಫೇಲ್ ಇಲ್ಲವ್ವ..."

"ಪಾಪ ಅಂತ 'ಲ'ಕ್ಕ ನಾನ ಹಾಕೀನಿ."

ಇಷ್ಟು ಕರುಣೆಯುಳ್ಳ ಹುಡುಗಿಯನ್ನು ತಿದ್ದಲು ಮನಸ್ಸು ಬರಲಿಲ್ಲ. ಪುಟದ ಕೆಳಗೆ 'ಬಹಳ ಚೆನ್ನಾಗಿದೆ' ಎಂದು ಬರೆದು ಸಹಿ ಹಾಕಿದೆ. ಸೋಮವಾರ ಅವಳ ತರಗತಿಯ ಟೀಚರು ಅದೇ ಪುಟಕ್ಕೆ ಅಡ್ಡಲಾಗಿ ಗೀಟು ಎಳೆದು 'ತಪ್ಪು' ಎಂದು ಬರೆದರು. ಒಂದೇ ಪುಟದಲ್ಲಿ ಎರಡು ತೀರ್ಪು! ಹುಡುಗಿ ವಾರವಿಡೀ ಆ ಪುಟವನ್ನು ಹಿಡಿದುಕೊಂಡು ಇಬ್ಬರಲ್ಲಿ ಯಾರಿಗೆ ಓದಲು ಬರುತ್ತದೆ ಎಂದು ಯೋಚಿಸುತ್ತಿದ್ದಳಂತೆ.

ಅದರ ಮುಂದಿನ ಶನಿವಾರ ನಾನು ಪೇಪರ್ ತೆಗೆದುಕೊಂಡು ಹೋದೆ. ಅಭ್ಯಾಸ ಮಾಡಿಸೋಣ ಎಂದು ತಲೆಬರಹ ತೋರಿಸಿದೆ. ಹುಲಿಗೆಮ್ಮ ಪೇಪರ್ ನೋಡಿದಳು, ಗೋಡೆ ನೋಡಿದಳು, ಮತ್ತೆ ಪೇಪರ್ ನೋಡಿದಳು.

"ಇದರಾಗ ಯಾವ ಅಕ್ಷರಕ್ಕೂ ರೈಟ್ ಹಾಕಿಲ್ರಿ. ಪೇಪರ್‌ನ್ಯಾಗ ಬರೆದದ್ದು ಎಲ್ಲಾ ತಪ್ಪೇನ್ರಿ?"

ಪೇಪರಿನ ಬಗ್ಗೆ ಈ ಅನುಮಾನ ನಮ್ಮ ಯಜಮಾನರಿಗೂ ಇದೆ, ಆದರೆ ಕಾರಣ ಬೇರೆ. ನಾನು ನಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ತರಬೇತಿ ಮುಗಿಸಿ ಬಂದಿದ್ದ ಹೆಡ್ ಮೇಡಂ ಹಿಂದಿನಿಂದ ಹೇಳಿದರು:

"ಶಾರದಾ ಮೇಡಂ, ಗ್ವಾಡಿ ಬಾಳ ಚೆಂದ ಆಗೈತ್ರಿ. ಒಂದ ಮಾತು. ಅದು ತೆಲುಗು."

ನಾನು ತಿರುಗಿ ಗೋಡೆ ನೋಡಿದೆ. ಮೊದಲ ಬಾರಿಗೆ ನೋಡಿದೆ ಎಂದೇ ಹೇಳಬೇಕು. 'ಕ' ನನ್ನನ್ನು ನೋಡಿ ನಕ್ಕಿತು. ಅದು ನಮ್ಮ 'ಕ' ಆಗಿರಲಿಲ್ಲ.

ಹುಲಿಗೆಮ್ಮ ಪೇಪರನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ವಾಪಸ್ ಕೊಟ್ಟಳು. "ನನಗ ಬ್ಯಾಡ್ರಿ. ನನ್ನ ಪಾಳಿ ಬ್ಯಾರೇರಿಗೆ ಕೊಡ್ರಿ," ಎಂದು ಎದ್ದು ಹೋದಳು. ಡೈರಿಯಲ್ಲಿ ಆ ದಿನದ ಪುಟ ಖಾಲಿ ಇದೆ.

ಉದ್ಘಾಟನೆಗೆ ಇನ್ನೆರಡೇ ಶನಿವಾರ. ಮಹಬೂಬ್ ಸಾಬರಿಗೆ ಫೋನ್ ಮಾಡಿದೆ. ಅವರು ಸಿರುಗುಪ್ಪದಲ್ಲಿ ಯಾವುದೋ ಗಿರಣಿಯ ಗೋಡೆಗೆ ನೇತಾಡುತ್ತಿದ್ದರು.

"ನೀವ ಹೇಳಿದ್ರಲ್ಲ ಮೇಡಂ, ಚೆಂದ ಕಾಣೋದು ಹಾಕು ಅಂತ. ಕೆಟ್ಟ ಕಾಣ್ತೈತೇನು?"

"ಇಲ್ರಿ ಸಾಬ್ರೆ, ಚೆಂದ ಐತಿ. ಆದ್ರ ಅದು ಕನ್ನಡ ಸಾಲಿ."

"ಫಿಕರ್ ಮಾಡಬ್ಯಾಡ್ರಿ. ಮುಂದಿನ ತಿಂಗಳು ಬಂದು ಕನ್ನಡ ಮಾಡಿಕೊಡ್ತೀನಿ."

ಮುಂದಿನ ತಿಂಗಳವರೆಗೆ ಕಾಯುವುದೇ? ನಾನೇ ತಿದ್ದುತ್ತೇನೆ ಎಂದು ತೀರ್ಮಾನಿಸಿದೆ. ಕನ್ನಡ ಲಿಪಿಯ ವಿಕಾಸವನ್ನು ವಿಶ್ವವಿದ್ಯಾಲಯದಲ್ಲಿ ಓದಿದವಳಿಗೆ ನಲವತ್ತು ಚಿಲ್ಲರೆ ಅಕ್ಷರ ಯಾವ ಲೆಕ್ಕ! ಆ ಶನಿವಾರ ನೀಲಿ ಬಣ್ಣ, ಎರಡು ಕುಂಚ ಹಾಗೂ ಯಜಮಾನರನ್ನು ತೆಗೆದುಕೊಂಡು ಹೋದೆ. ಯಜಮಾನರ ಕೆಲಸ ಏಣಿ ಹಿಡಿಯುವುದು, ಮಾತಾಡದೆ ಇರುವುದು. ಮೊದಲನೆಯದನ್ನು ಮಾತ್ರ ಮಾಡಿದರು.

ರೈಟ್ ಮಾರ್ಕನ್ನು ಎಳೆದು ಮಲಗಿಸಿದರೆ ಕನ್ನಡದ ತಲಕಟ್ಟು ಆಗುತ್ತದೆ ಎಂಬುದು ನನ್ನ ಸಿದ್ಧಾಂತ. 'ಗ' ಮಲಗಿತು. 'ರ' ಮಲಗಿತು. ಉತ್ಸಾಹದಲ್ಲಿ 'ತ'ಕ್ಕೆ ಕೈ ಹಾಕಿದೆ. ಅದು ಮಲಗಲಿಲ್ಲ. ಹೊಟ್ಟೆ ತಿದ್ದಿದೆ, ಬಾಲ ತಿದ್ದಿದೆ. ಬಣ್ಣ ಸೋರಿ ಕೆಳಗಿನ ಸಾಲಿನ 'ನ'ದ ಮೇಲೆ ಇಳಿದು ಅದಕ್ಕೊಂದು ಮೀಸೆ ಬಂತು.

"ಶಾರದಾ, ಸ್ವಲ್ಪ ಕೆಳಗಿಳದು ದೂರ ನಿಂತು ನೋಡು," ಎಂದರು ಯಜಮಾನರು.

"ಯಾಕ್ರೀ? ಏನಾಗೈತಿ?"

"ಏನಿಲ್ಲ. ತೆಲುಗು ಹೋಗೈತಿ. ಕನ್ನಡ ಇನ್ನಾ ಬಂದಿಲ್ಲ. ನಡಬರಕ ಮಲಯಾಳಂ ಆಗಾಕ ಹತ್ತೈತಿ ನೋಡು."

"ಸುಮ್ನ ಏಣಿ ಹಿಡೀರಿ!"

"ಹಿಡದೀನಿ. ನಮ್ಮ ಪ್ಯಾಂಟಿಗೆ ತಪ್ಪು ಲೇಬಲ್ ಬಿದ್ರ ಬಿಚ್ಚಿ ಬ್ಯಾರೇದು ಹೊಲಿತೀವಿ. ಹಳೇದರ ಮ್ಯಾಲ ಸೂಜಿ ಆಡಸಂಗಿಲ್ಲ."

ಸಲಹೆ ಸರಿಯಾಗಿತ್ತು. ಆದ್ದರಿಂದ ಕೇಳಲಿಲ್ಲ. ಆ ಶನಿವಾರವೂ ಮುಂದಿನ ಶನಿವಾರವೂ ತಿದ್ದಿದೆ. ಕಡೆಗೆ ಗೋಡೆಯ ಮೇಲೆ ಮೂರು 'ಕ' ಇದ್ದವು, 'ಹ' ಇರಲಿಲ್ಲ. ಉಳಿದ ಕೆಲವು ಅಕ್ಷರಗಳು ಯಾವ ರಾಜ್ಯದವು ಎಂದು ಅವಕ್ಕೇ ಗೊತ್ತಿರಲಿಲ್ಲ. ಆ ಎರಡು ಶನಿವಾರಗಳಲ್ಲಿ ಹುಲಿಗೆಮ್ಮನ ಜೊತೆ ಕೂರಲು ನನಗೆ ಪುರುಸೊತ್ತಾಗಲಿಲ್ಲ. ಪುರುಸೊತ್ತಾಗಲಿಲ್ಲ ಎಂಬುದು ಡೈರಿಯ ಮಾತು. ಅವಳ ಮುಖ ನೋಡಲು ಧೈರ್ಯ ಬರಲಿಲ್ಲ ಎಂಬುದು ನೆನಪಿನ ಮಾತು. ಈ ಒಂದು ಕಡೆ ನೆನಪನ್ನೇ ನಂಬುತ್ತೇನೆ.

ಉದ್ಘಾಟನೆಯ ದಿನ ಬಂದೇಬಂತು. ಶಾಲೆಯ ಮೇಲ್ವಿಚಾರಣೆಗೆ ಬರುವ ಸಾಹೇಬರು, ಊರಿನ ಹಿರಿಯರು, ಮಕ್ಕಳ ತಾಯಂದಿರು ಎಲ್ಲರೂ ಸೇರಿದರು. ಸಾಹೇಬರು ಗೋಡೆಯ ಮುಂದೆ ಕೈ ಕಟ್ಟಿ ನಿಂತು ನೋಡಿದರು.

"ಅರ್ಧ ಕನ್ನಡ, ಅರ್ಧ ತೆಲುಗು. ಗಡಿ ಭಾಗಕ್ಕ ಹೇಳಿ ಮಾಡಿಸಿದಂಗೈತಿ! ಇಂಥ ಹೊಸ ಪ್ರಯೋಗ ಬ್ಯಾರೆ ಸಾಲಿಯವರೂ ಮಾಡಬೇಕು. ಯಾರದ್ರಿ ಈ ಐಡಿಯಾ?"

ಎದ್ದು ನಿಂತು ಸತ್ಯ ಹೇಳಬೇಕಿತ್ತು. ಎದ್ದು ನಿಂತೆ. ಕೈ ಮುಗಿದೆ. ಕೂತೆ. ಹೆಡ್ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದರು.

ಆಮೇಲೆ ಅವರು ಘೋಷಿಸಿದ್ದು ನನಗೆ ಗೊತ್ತಿಲ್ಲದ ಸಂಗತಿ: "ಈಗ ಪೇಪರ್ ಓದೋದು ನಾಲ್ಕನೇ ಕ್ಲಾಸಿನ ಹುಲಿಗೆಮ್ಮ."

ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡ ಹುಲಿಗೆಮ್ಮ ಕಟ್ಟೆ ಹತ್ತಿದಳು. ಪೇಪರ್ ಬಿಚ್ಚಿದಳು. ಹುಡುಗಿ ಅಷ್ಟು ಜನರ ಮುಂದೆ ಬಾಯಿ ಬಿಡದೆ ನಿಂತರೆ ಅದಕ್ಕೆ ಕಾರಣ ಗೋಡೆಯಲ್ಲ, ನಾನು.

"ಕಾ-ಲು-ವೆ-ಗೆ... ಕಾಲುವೆಗೆ ನೀರು. ರೈತರಲ್ಲಿ... ಸಂ-ತಸ. ಸಂತಸ."

ಓದಿದಳು! ನಿಧಾನವಾಗಿ, ಪ್ರತಿ ಅಕ್ಷರಕ್ಕೂ ಬೆರಳಿಟ್ಟು, ಐದೂ ಸುದ್ದಿ ಓದಿದಳು. ಕಡೆಯ ಸಾಲು ಮುಗಿದಾಗ ಮಕ್ಕಳ ಚಪ್ಪಾಳೆಗೆ ಬೇವಿನ ಮರದ ಗಿಳಿಗಳು ಹಾರಿಹೋದವು. ನನ್ನ ಕಣ್ಣು ತುಂಬಿದವು. ಮಾರ್ಗದರ್ಶಕರ ಕಣ್ಣು ಇಂಥ ಹೊತ್ತಿನಲ್ಲಿ ತುಂಬಬೇಕು.

ಸಾಹೇಬರು ಅವಳ ಬೆನ್ನು ತಟ್ಟಿ, "ಯಾರು ಕಲಿಸಿದ್ರವ್ವ ನಿನಗ?" ಎಂದರು. ನಾನು ಸೀರೆಯ ನೆರಿಗೆ ಸರಿಮಾಡಿಕೊಂಡೆ.

"ಸಲೀಮಾ ರೀ. ನನ್ನ ಬಾಜೂಕ ಕುಂಡ್ರತಾಳ."

"ಹೌದಾ! ಯಾವಾಗ ಕಲಿಸಿದ್ಲು?"

"ಎರಡು ಶನಿವಾರ ರೀ. ಶಾರದಾ ಟೀಚರು ಗ್ವಾಡಿ ಮ್ಯಾಲ ಏರಿದ್ರಲ್ರಿ, ಆವಾಗ ನಮಗ ಟೈಮ್ ಸಿಗ್ತು."

"ಭೇಷ್. ಇದೇ ಗ್ವಾಡಿ ನೋಡಿ ಕಲ್ತಿ ಹೌದಿಲ್ಲೋ?"

"ಇಲ್ರಿ ಸರ್. ಗ್ವಾಡಿಗೆ ಬೆನ್ನ ಮಾಡಿ ಕುಂತಿದ್ವಿ. ಅದನ್ನ ನೋಡಿದ್ರ ಬಂದದ್ದೂ ಮರೀತಿತ್ರಿ."

ನಾನು ಚಪ್ಪಾಳೆ ತಟ್ಟಿದೆ. ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಬೇರೆ ಏನು ಮಾಡಬಹುದಿತ್ತು?

ಮುಂದಿನ ಶನಿವಾರ ನಾಚಿಕೆ ಬಿಟ್ಟು ಶಾಲೆಗೆ ಹೋದೆ. ಹೆಡ್ ಮೇಡಂ ದೊಡ್ಡ ಮನಸ್ಸಿನವರು. ಹೊಸ ಮಕ್ಕಳನ್ನು ಕೊಡುತ್ತೇನೆ ಎಂದರು. ಆದರೆ ಕೊಡುವ ಮುನ್ನ, ಯಾಕೋ, ಹುಲಿಗೆಮ್ಮನನ್ನು ಕರೆದು ಕೇಳಿದರು.

"ಟೀಚರ್ ಹತ್ರ ಯಾರನ್ನ ಕುಂಡ್ರಸೂಣವ್ವ?"

ಹುಲಿಗೆಮ್ಮ ನನ್ನ ಕಡೆ ಪ್ರೀತಿಯಿಂದಲೇ ನೋಡಿದಳು.

"ಓದಾಕ ಬರೋರನ್ನ ಕುಂಡ್ರಸ್ರಿ. ಅವರಿಗೆ ಏನೂ ಆಗಂಗಿಲ್ಲ."

ಈಗ ನನ್ನ ಬಳಿ ಇಬ್ಬರು ಮಕ್ಕಳಿದ್ದಾರೆ. ಇಬ್ಬರೂ ಪಟಪಟನೆ ಓದುತ್ತಾರೆ. ಎಲ್ಲವೂ ನನ್ನ ಮಾರ್ಗದರ್ಶನದಿಂದ!