ಹೂಂ ಅನ್ನಲು ಒಂದಿಷ್ಟು ಜಾಗ

ಬರೆಯುವವರಿಗೆಲ್ಲ ಒಂದೊಂದು ಚಟ ಇದ್ದೇ ಇರುತ್ತದೆ. ಕೆಲವರಿಗೆ ಚಹಾ, ಕೆಲವರಿಗೆ ಎಲೆ ಅಡಿಕೆ, ಇನ್ನು ಕೆಲವರಿಗೆ ಏನೂ ಬರೆಯದೆ ‘ಭಾರಿ ದೊಡ್ಡದೊಂದು ಬರೆಯುತ್ತಿದ್ದೇನೆ’ ಎಂದು ಹೇಳಿಕೊಂಡು ತಿರುಗುವುದು. ನನ್ನ ಚಟ ಸ್ವಲ್ಪ ಗದ್ದಲದ್ದು. ನಾನು ಬರೆದದ್ದನ್ನು ನಾನೇ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ನಮ್ಮ ಕಣ್ಣಿಗೆ ನಮ್ಮ ಮೇಲೆ ವಿಪರೀತ ದಾಕ್ಷಿಣ್ಯ ನೋಡಿ. ತಪ್ಪು ಕಂಡರೂ ಕಾಣದವರ ಹಾಗೆ ಮುಂದಿನ ಸಾಲಿಗೆ ಹೋಗಿಬಿಡುತ್ತದೆ. ಕಿವಿಗೆ ಆ ಮುಲಾಜಿಲ್ಲ. ಬಾಯಿಯಿಂದ ಹೊರಬಿದ್ದ ಮಾತು ಒಂಚೂರು ಕುಂಟಿದರೂ ಕಿವಿ ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಬರೆದದ್ದನ್ನು ತಿದ್ದಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲವೇ ಇಲ್ಲ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ಎಲ್ಲಿ ಕೂತು ಓದುವುದು, ಯಾರ ಮುಂದೆ ಓದುವುದು ಎಂಬುದಷ್ಟೇ ತೊಂದರೆ.

ನನಗೆ ಈ ತಿದ್ದುಪಡಿಯ ಗರಜು ಉಳಿದವರಿಗಿಂತ ಹೆಚ್ಚು. ಶಿಗ್ಗಾಂವಿಯ ಒಂದು ಸರ್ಕಾರಿ ಕಚೇರಿಯಲ್ಲಿ ರೈತರಿಗೆ ಪ್ರಕಟಣೆ ಬರೆಯುವುದು ನನ್ನ ಹೊಟ್ಟೆಪಾಡು. ‘ಗೋವಿನಜೋಳಕ್ಕೆ ಹುಳ ಬಿದ್ದಿದೆ, ಔಷಧ ಹೊಡೆಯಿರಿ’ ಎನ್ನುವಷ್ಟನ್ನೇ ನಾನು ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುಮಾಡಿ, ‘ಸದರಿ’ ಎಂದು ತಿರುಗಿಸಿ, ‘ಈ ಮೂಲಕ’ ಎಂದು ಇನ್ನೊಂದು ಸುತ್ತು ಹಾಕಿ, ಪುಟದ ಕೊನೆಗೆ ತಂದು ‘ಕೋರಲಾಗಿದೆ’ ಎಂದು ಇಳಿಸಬೇಕು. ಅಷ್ಟರಲ್ಲಿ ಹುಳ ತೆನೆ ತಿಂದು ಮುಗಿಸಿ ಪಕ್ಕದ ಹೊಲಕ್ಕೆ ಹೋಗಿರುತ್ತದೆ. ಇಂಥ ಕೈಯಿಂದಲೇ ಸಂಜೆ ಮನೆಗೆ ಬಂದು ಹಾಸ್ಯ ಪ್ರಬಂಧ ಬರೆಯುತ್ತೇನೆ ಎಂದರೆ ನೀವೇ ಊಹಿಸಿಕೊಳ್ಳಿ.

ಅದರ ಫಲ ಹೋದ ವರ್ಷ ಹಾನಗಲ್ಲಿನಲ್ಲಿ ಸಿಕ್ಕಿತು. ಅಲ್ಲಿಯ ಒಂದು ಸಾಹಿತ್ಯದ ಕಾರ್ಯಕ್ರಮದಲ್ಲಿ ನನ್ನ ಪ್ರಬಂಧ ಓದಲು ನಿಂತೆ. ಮೊದಲ ವಾಕ್ಯ ಇನ್ನೂ ಮುಗಿದಿರಲಿಲ್ಲ, ಹಿಂದಿನಿಂದ ಉಪ್ಪಿಟ್ಟಿನ ವಾಸನೆ ಬಂತು. ಜನ ಒಬ್ಬೊಬ್ಬರಾಗಿ ಎದ್ದರು. ನಾನು ಕಾಗದದಿಂದ ತಲೆ ಎತ್ತಿದಾಗ ಉಳಿದವರು ಅಧ್ಯಕ್ಷರು ಮತ್ತು ಕುರ್ಚಿ ಎತ್ತಿಡಲು ಬಂದವರು. ಅಧ್ಯಕ್ಷರಿಗೆ ಏಳುವ ಹಾಗಿರಲಿಲ್ಲ. ಕುರ್ಚಿಯವರು ಮಾತ್ರ ಸೌಜನ್ಯದಿಂದ, “ಓದ್ರಿ ಸರ್, ನಮ್ದೇನ್ ಗಡಿಬಿಡಿ ಇಲ್ಲ” ಎಂದರು. ಈಗಲೂ ಉಪ್ಪಿಟ್ಟಿನ ಒಗ್ಗರಣೆ ಚಟಪಟ ಎಂದರೆ ನಾನು ಕೈಯಲ್ಲಿದ್ದ ಕಾಗದ ಮಡಚಿಬಿಡುತ್ತೇನೆ.

ಆದ್ದರಿಂದ ಈ ವರ್ಷ ಹಿರೇಕೆರೂರಿನಿಂದ ಫೋನು ಬಂದಾಗ ಸಂತೋಷವೂ ಆಯಿತು, ಜೀವವೂ ಹಾರಿತು. ಸಂಘಟಕರು ಭಾರಿ ಉತ್ಸಾಹದಲ್ಲಿ, “ನಿಮ್ಮದು ಊಟಕ್ಕಿಂತ ಸ್ವಲ್ಪ ಮುಂಚೆ ಇಟ್ಟೇವ್ರಿ ಸರ್. ನಿಮ್ಮದು ಮುಗದ ಕೂಡ್ಲೆ ಹೋಳಿಗಿ ಊಟಾನ” ಎಂದರು. ಉಪ್ಪಿಟ್ಟಿಗೇ ಸೋತವನನ್ನು ಹೋಳಿಗೆ ಊಟದ ಎದುರು ನಿಲ್ಲಿಸುವುದೆಂದರೆ! ನಾನು ಅವತ್ತೇ ಹಟ ತೊಟ್ಟೆ. ಈ ಸಲ ಒಬ್ಬರೂ ಏಳಬಾರದು. ಪ್ರಬಂಧವನ್ನು ಓದಿ ಓದಿ, ತಿದ್ದಿ ತಿದ್ದಿ, ಜನ ಹಸಿವು ಮರೆತು ಕೂರುವ ಹಾಗೆ ಮಾಡಬೇಕು.

ವಿಷಯವೇನೋ ಜಬರದಸ್ತ್ ಆಗಿತ್ತು. ಕನ್ಯೆ ನೋಡಲು ಸವಣೂರಿಗೆ ಹೋದಾಗ ನನ್ನ ಭಾವೀ ಮಾವನವರು ಒತ್ತಾಯ ಮಾಡಿ ಮಾಡಿ ಅಲ್ಲಿಯ ಹೆಸರಾದ ಕುರುಕಲು ತಿಂಡಿ ‘ಸವಣೂರಿನ ಖಾರ’ ತಿನ್ನಿಸಿದ್ದು, ನನ್ನ ಕಣ್ಣು ಮೂಗಿನಲ್ಲೆಲ್ಲ ನೀರು ಬಂದದ್ದು, ‘ಹುಡುಗ ಎಷ್ಟು ಮೆತ್ತನ್ನ ಮನಸಿನವ, ನಮ್ಮ ಹುಡುಗಿನ್ನ ನೋಡಿದ ಕೂಡ್ಲೆ ಕಣ್ಣೀರು ಹಾಕಿದ’ ಎಂದು ಅವರ ಮನೆಯವರು ಸಂಬಂಧ ಗಟ್ಟಿ ಮಾಡಿದ್ದು. ಇದನ್ನು ಮೊದಲು ಬಚ್ಚಲಮನೆಯಲ್ಲಿ ಓದಲು ಶುರುಮಾಡಿದೆ. ಅಲ್ಲಿ ದನಿ ಗುಂಯ್ ಎಂದು ತುಂಬಿ ಬರುತ್ತದೆ, ಎಂಥ ಬರಹವೂ ಘನವಾಗಿ ಕೇಳುತ್ತದೆ. ಮಾವನವರ ಮಾತು ಬಂದಾಗ ನನಗೆ ಆವೇಶ ಬಂದು, “ತಗೋರಿ! ಇನ್ನಷ್ಟು ತಗೋರಿ! ಹಂಗ ಸಂಕೋಚ ಮಾಡಬ್ಯಾಡ್ರಿ!” ಎಂದು ಅವರದೇ ಗತ್ತಿನಲ್ಲಿ ಕೂಗಿದೆ. ಮಧ್ಯಾಹ್ನ ಪಕ್ಕದ ಮನೆಯಾಕೆ ನನ್ನ ಹೆಂಡತಿ ಗಿರಿಜಾಳನ್ನು ಕಟ್ಟೆಯ ಹತ್ತಿರ ಕರೆದು, “ಅಲ್ರೀ ಅಕ್ಕಾರ, ಮುಂಜಾನೆ ನಿಮ್ಮ ಯಜಮಾನ್ರು ಬಚ್ಚಲದಾಗ ಯಾರಿಗ್ರೀ ಊಟಕ್ಕ ಹಾಕಾಕತ್ತಿದ್ರು?” ಎಂದು ಕೇಳಿದರಂತೆ. ಬಚ್ಚಲಮನೆಯ ಓದು ಅಂದಿಗೆ ಬಂದ್ ಆಯಿತು.

ಭಾನುವಾರ ಗೊಟಗೋಡಿಗೆ ಹೋದೆ. ಅಲ್ಲಿಯ ಶಿಲ್ಪಗಳ ತೋಟದಲ್ಲಿ ಹಳ್ಳಿಯ ಜನರನ್ನೇ ಹೋಲುವ ಆಳೆತ್ತರದ ಗೊಂಬೆಗಳಿವೆಯಲ್ಲ, ಕಟ್ಟೆಯ ಮೇಲೆ ಕೂತ ಹಿರಿಯರು, ಬೀಸುವ ಹೆಂಗಸರು, ಅವರಿಗಿಂತ ಒಳ್ಳೆಯ ಶ್ರೋತೃಗಳು ಎಲ್ಲಿ ಸಿಗಬೇಕು? ಏಳುವುದಿಲ್ಲ, ಆಕಳಿಸುವುದಿಲ್ಲ, ಮೊಬೈಲು ನೋಡುವುದಿಲ್ಲ. ರುಮಾಲು ಸುತ್ತಿದ ಒಬ್ಬ ಹಿರಿಯರ ಎದುರು ನಿಂತು ಕೈ ಬೀಸಿ ಬೀಸಿ ಓದಿದೆ. ನನ್ನ ಹಾನಗಲ್ಲಿನ ಗಾಯವೇ ಮಾಯ್ದಂತಾಯಿತು! ತಿರುಗಿ ನೋಡಿದರೆ ಹಿಂದೆ ಒಂದು ದೊಡ್ಡ ಕುಟುಂಬ ಬಾಯಿ ಬಿಟ್ಟುಕೊಂಡು ನಿಂತಿದೆ. ನನ್ನನ್ನು ತೋಟದ ಗೈಡ್ ಎಂದು ತಿಳಿದುಕೊಂಡಿದ್ದಾರೆ. ಅವರ ಯಜಮಾನರು ರುಮಾಲಿನ ಗೊಂಬೆಯನ್ನು ತೋರಿಸಿ, “ಹಂಗಾರ ಖಾರ ತಿನಿಸಿದ ಮಾವ ಇವರ ಏನ್ರಿ?” ಎಂದರು. ಅಲ್ಲ ಎನ್ನುವ ಧೈರ್ಯ ಸಾಲಲಿಲ್ಲ. ಅವರು ಗೊಂಬೆಯ ಜೊತೆ ಫೋಟೋ ಹೊಡೆಸಿಕೊಂಡರು. ಆ ಫೋಟೋ ಯಾವತ್ತಾದರೂ ಸವಣೂರಿನ ಮಾವನವರ ಮೊಬೈಲಿಗೆ ಬಂದರೆ ನನ್ನ ಗತಿ ಏನು ಎಂದು ಈಗಲೂ ಹೆದರಿಕೆ ಇದೆ.

ಕೊನೆಗೆ ಗಿರಿಜಾಳ ಮುಂದೆ ಓದಲು ಕೂತೆ. ಆಕೆ ಒಂದು ಪುಟವೂ ಮುಗಿಸಗೊಡಲಿಲ್ಲ. “ನಮ್ಮಪ್ಪ ಅಷ್ಟು ಪ್ರೀತಿಲೆ ತಿನ್ನಾಕ ಕೊಟ್ರ ಅದನ್ನ ಊರ ತುಂಬ ಡಂಗುರಾ ಹೊಡೀತೀರೇನು? ನಿಮ್ಮವ್ವ ಅವತ್ತು ನನ್ನ ನಡಿಸಿ ನೋಡಿದ್ದು ಬರದೀರೇನು ಇದರಾಗ?” ಎಂದಳು. ವಿಮರ್ಶೆ ಬರಹವನ್ನು ಬಿಟ್ಟು ಬರೆದವನ ವಂಶದ ಕಡೆಗೆ ಹೊರಟಿದ್ದು ಕಂಡು ಕಾಗದ ಮಡಚಿದೆ.

ಆಗ ಪಡಸಾಲೆಯಲ್ಲಿ ಮೆಂತೆಸೊಪ್ಪು ಸೋಸುತ್ತ ಕೂತಿದ್ದ ಅವ್ವ, “ಇಲ್ಲಿ ಬಾ ತಮ್ಮಾ. ನಾ ಕೇಳ್ತೇನಿ, ಓದು” ಎಂದಳು. ಅವ್ವನ ಮುಂದೆ ನಾನು ಯಾವತ್ತೂ ಓದಿರಲಿಲ್ಲ. ಆಕೆ ಶಾಲೆಯ ಮುಖ ಹೆಚ್ಚು ನೋಡಿದವಳಲ್ಲ, ಪ್ರಬಂಧ ಎಂದರೆ ಕಚೇರಿಯ ಕೆಲಸ ಎಂದೇ ತಿಳಿದಿದ್ದಳು. ಆದರೆ ಆಕೆಗೆ ಒಂದು ಅಭ್ಯಾಸವಿದೆ. ನಮ್ಮ ಕಡೆ ಯಾರಾದರೂ ಕಥೆ ಹೇಳಲು ಕೂತರೆ ಎದುರಿಗಿದ್ದವರು ಮಾತು ಮಾತಿಗೆ ‘ಹೂಂ’ ಎನ್ನಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ಕೇಳುವವರು ಮಲಗಿದರು ಎಂದು ಹೇಳುವವರು ಎದ್ದು ಹೋಗುತ್ತಾರೆ. ಅವ್ವ ಹುಡುಗಿಯಾಗಿದ್ದಾಗ ಇಡೀ ಓಣಿಗೇ ಹೂಂ ಎನ್ನುವವಳು ಈಕೆಯೇ ಆಗಿದ್ದಳಂತೆ. ಈಗ ಟಿ.ವಿ.ಯಲ್ಲಿ ವಾರ್ತೆ ಓದುವಾಕೆಗೂ ಹೂಂ ಎನ್ನುತ್ತಾಳೆ, ಫೋನಿನಲ್ಲಿ ‘ನೀವು ಕರೆ ಮಾಡಿದ ಚಂದಾದಾರರು’ ಎನ್ನುವ ದನಿಗೂ ಹೂಂ ಎನ್ನುತ್ತಾಳೆ. ನಾನು ಗಂಟಲು ಸರಿಮಾಡಿಕೊಂಡು ಮೊದಲ ವಾಕ್ಯ ಹಿಡಿದೆ. ಅವ್ವ ಬಾಯಿ ತೆರೆದಳು. ವಾಕ್ಯ ಮುಗಿಯಲಿಲ್ಲ. ಬಾಯಿ ಮುಚ್ಚಿದಳು. ಮತ್ತೆ ತೆರೆದಳು. ಇನ್ನೂ ಮುಗಿದಿರಲಿಲ್ಲ. ಕೈಯಲ್ಲಿ ಮೆಂತೆಯ ದಂಟು ಹಿಡಿದುಕೊಂಡು ರಸ್ತೆ ದಾಟಲು ನಿಂತವರ ಹಾಗೆ ಸಂದಿಗಾಗಿ ಕಾಯುತ್ತಲೇ ಇದ್ದಳು. ಕೊನೆಗೆ ದಂಟನ್ನು ಬುಟ್ಟಿಗೆ ಎಸೆದು, “ನಿಂದರೋ ಮಾರಾಯಾ! ನೀ ಉಸಿರ ಬಿಡವಲ್ಲಿ, ನಾ ಎಲ್ಲೆ ಹೂಂ ಅನ್ನಬೇಕು?” ಎಂದಳು.

ಅಬ್ಬಾ! ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಇಷ್ಟು ವರ್ಷ ಎಲ್ಲಿ ತಪ್ಪುತ್ತಿದೆ ಎಂದು ತಲೆ ಚಚ್ಚಿಕೊಂಡವನಿಗೆ ತಪ್ಪು ಅಲ್ಲೇ ಪಡಸಾಲೆಯಲ್ಲಿ ಸಿಕ್ಕಿತ್ತು. ಪೆನ್ನು ತಂದು ಅವ್ವನ ಪಕ್ಕದಲ್ಲೇ ಕೂತೆ. ‘ಸದರಿ’ಯನ್ನು ಹೊಡೆದು ಹಾಕಿದೆ, ‘ಆದಾಗ್ಯೂ’ ಕಿತ್ತು ಎಸೆದೆ. ಓದುವುದು, ಅವ್ವ ಹೂಂ ಎಂದರೆ ಇಟ್ಟುಕೊಳ್ಳುವುದು, ಎನ್ನದಿದ್ದರೆ ವಾಕ್ಯ ಮುರಿಯುವುದು. ‘ನಾವು ಸವಣೂರಿಗೆ ಹೋದೆವು.’ ಹೂಂ. ‘ಬಾಗಿಲಲ್ಲೇ ಮಾವನವರು ನಿಂತಿದ್ದರು.’ ಹೂಂ. ‘ಅವರ ಕೈಯಲ್ಲಿ ಖಾರದ ತಾಟಿತ್ತು.’ “ಹೂಂ! ಮುಂದ?” ಈ ‘ಮುಂದ’ ಬಂದಾಗಲಂತೂ ನನಗೆ ದೊಡ್ಡ ಪ್ರಶಸ್ತಿಯೇ ಬಂದಂತಾಗುತ್ತಿತ್ತು. ದಿನಾ ಬೆಳಿಗ್ಗೆ ಇದೇ ನಡೆಯಿತು. ಮನೆಯಲ್ಲಿ ದಿನಾ ಮೆಂತೆ ಪಲ್ಯವಾಯಿತು. ಗಿರಿಜಾ ಸಹ ಒಳಗಿನಿಂದಲೇ ಒಂದೆರಡು ಹೂಂ ಸೇರಿಸತೊಡಗಿದಳು, ಅವರಪ್ಪನ ಮಾತು ಬಂದ ಕಡೆ ಮಾತ್ರ ಪಾತ್ರೆ ಕುಕ್ಕುತ್ತಿದ್ದಳು.

ಹಿರೇಕೆರೂರಿಗೆ ಅವ್ವನೂ ಬಂದಳು. ಆಕೆಯ ತವರುಮನೆ ಅಲ್ಲೇ ಹತ್ತಿರದ ಹಳ್ಳಿ. ಮಗನ ಪ್ರಬಂಧ ಬರಿ ನೆಪ. ಸಭಾಂಗಣ ತುಂಬಿತ್ತು. ನನ್ನ ಹೆಸರು ಕೂಗುವುದಕ್ಕೂ ಹಿಂದಿನ ಬಾಗಿಲಿನಿಂದ ಹೋಳಿಗೆಯ ಘಮ ಬರುವುದಕ್ಕೂ ಸರಿಹೋಯಿತು. ಜನರ ಮೂಗುಗಳು ಆ ಕಡೆ ತಿರುಗಿದ್ದು ನನಗೆ ವೇದಿಕೆಯ ಮೇಲಿಂದ ಸ್ಪಷ್ಟವಾಗಿ ಕಂಡಿತು. ಕೊನೆಯ ಸಾಲಿನಲ್ಲಿ ಕುರ್ಚಿಯೊಂದು ಕಿರ್ರೆಂದಿತು. ಆದರೂ ಮೈಕಿನ ಮುಂದೆ ನಿಂತು ಮೊದಲ ವಾಕ್ಯ ಓದಿದೆ. ಓದಿ ನಿಂತೆ. ನಿಂತೇಬಿಟ್ಟೆ. ಯಾಕೆಂದರೆ ಅಲ್ಲಿ ಹೂಂ ಬರಬೇಕಿತ್ತು, ಬರಲಿಲ್ಲ! ಹೂಂ ಬಾರದೆ ಮುಂದಿನ ವಾಕ್ಯ ನನ್ನ ಬಾಯಿಗೇ ಬರವಲ್ಲದು. ಮನೆಯಲ್ಲಿ ದಿನಾ ಓದಿ ಓದಿ ನನ್ನ ನಾಲಿಗೆಗೆ ಹಾಗೆ ರೂಢಿಯಾಗಿಬಿಟ್ಟಿತ್ತು. ಸಭೆ ನನ್ನನ್ನು ನೋಡಿತು, ನಾನು ಸಭೆಯನ್ನು ನೋಡಿದೆ. ಸಂಘಟಕರು ನೀರಿನ ಬಾಟಲಿ ಹಿಡಿದು ಓಡಿಬಂದು, “ಹಾಳಿ ಅದಲ ಬದಲ ಆಗ್ಯಾವೇನ್ರಿ ಸರ್?” ಎಂದು ಪಿಸುಗುಟ್ಟಿದರು. ಇಬ್ಬರು ಎದ್ದೇ ನಿಂತರು. ಹಾನಗಲ್ಲು ಕಣ್ಣ ಮುಂದೆ ಬಂತು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಅಷ್ಟರಲ್ಲಿ ಹೆಂಗಸರ ಕಡೆಯಿಂದ ಬಂತು ನೋಡಿ, ಗಟ್ಟಿಯಾಗಿ, ಉದ್ದವಾಗಿ, “ಹೂಂ...!”

ಅವ್ವ! ನನಗೆ ಜೀವ ಬಂತು. ಎರಡನೆಯ ವಾಕ್ಯ ತಾನಾಗಿ ಹೊರಬಿತ್ತು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಮೂರನೆಯ ವಾಕ್ಯಕ್ಕೆ ಅವ್ವನ ಹಿಂದಿನ ಸಾಲಿನ ಅಜ್ಜಿಯೊಬ್ಬಳು ಹೂಂ ಎಂದಳು. ಆಕೆಗೂ ಹಳೆಯ ರೂಢಿ ನೆನಪಾಗಿರಬೇಕು. ಆಮೇಲೆ ಹೆಂಗಸರ ಸಾಲೆಲ್ಲ ಹೂಂ, ನಂತರ ಗಂಡಸರು, ಕೊನೆಗೆ ಬಾಗಿಲ ಹತ್ತಿರ ಎದ್ದು ನಿಂತಿದ್ದ ಇಬ್ಬರು ನಿಂತಲ್ಲೇ ಹೂಂ! ಖಾರ ತಿಂದು ನಾನು ಅತ್ತ ಜಾಗ ಬಂದಾಗ ಇಡೀ ಸಭೆ ಒಂದೇ ದನಿಯಲ್ಲಿ “ಮುಂದ?” ಎಂದಿತು. ಅಧ್ಯಕ್ಷರೂ ಎಂದರು. ನಗು ಎಂದರೆ ನಗು, ಚಪ್ಪಾಳೆ ಎಂದರೆ ಚಪ್ಪಾಳೆ! ಹೋಳಿಗೆ ಹೊರಗೆ ಆರುತ್ತಿತ್ತು, ಒಬ್ಬರೂ ಹೊರಡಲಿಲ್ಲ. ಆ ಹೊತ್ತು ನಾನು ಅನುಭವಿಸಿದ ಆನಂದವನ್ನು ಹೇಳಲು ನನಗೆ ಬರುವುದಿಲ್ಲ, ಅಳುವೇ ಬಂತು. ಈ ಸಲ ಖಾರ ತಿನ್ನದೆಯೇ.

ಪಂಕ್ತಿಯಲ್ಲಿ ಅವ್ವನ ಪಕ್ಕ ಕೂತು, “ಅವ್ವಾ, ನೀ ಮನ್ಯಾಗ ಅಂದಂಗ ಹೂಂ ಅಂದಿ ಅಂತ ನಾ ಉಳಕೊಂಡ್ನಿಬೇ” ಎಂದೆ.

“ಯಾವಾಗ?” ಎಂದಳು ಅವ್ವ, ಹೋಳಿಗೆಗೆ ತುಪ್ಪ ಸವರಿಕೊಳ್ಳುತ್ತ.

“ಅದ ಬೇ, ನಾ ಮೊದಲಿನ ಸಾಲು ಓದಿ ನಿಂತಾಗ.”

“ಓ, ಅದಾ? ಅದು ನಿನಗಂದಿದ್ದಲ್ಲೋ. ಬಾಜೂಕ ಕುಂತಿದ್ಲಲ್ಲ, ನಮ್ಮ ತವರಮನಿ ಓಣ್ಯಾಕಿ, ಆಕಿ ತನ್ನ ಸೊಸಿ ಸುದ್ದಿ ಹೇಳಾಕತ್ತಿದ್ಲು. ಆಕೀಗೆ ಹೂಂ ಅಂದ್ನಿ. ನಡಕ ನೀವೆಲ್ಲಾರೂ ಸೇರಿ ಗದ್ಲಾ ಹಾಕಿದ್ರಿ. ಆ ಸೊಸಿ ಮುಂದ ಏನ ಮಾಡಿದ್ಲೋ ಏನೋ, ತಿಳೀಲೇ ಇಲ್ಲ ನನಗ.”

ಆ ಸೊಸೆ ಯಾರೋ, ಏನು ಮಾಡಿದಳೋ, ನನಗೂ ಗೊತ್ತಿಲ್ಲ. ಎಲ್ಲಿದ್ದರೂ ಆಕೆಗೆ ನನ್ನ ಸಾಷ್ಟಾಂಗ ನಮಸ್ಕಾರ. ಆಕೆ ಅತ್ತೆಯ ಜೊತೆ ಸರಿಯಾಗಿ ಇದ್ದುಬಿಟ್ಟಿದ್ದರೆ ಅವತ್ತು ಹಿರೇಕೆರೂರಿನಲ್ಲಿ ನನ್ನ ಮಾನ ಉಳಿಯುತ್ತಿರಲಿಲ್ಲ.

ಅಷ್ಟಾದರೂ ನಾನು ಓದುವ ಚಟ ಬಿಟ್ಟಿಲ್ಲ. ಈ ಪ್ರಬಂಧವನ್ನೂ ನಿನ್ನೆ ಬೆಳಿಗ್ಗೆ ಅವ್ವನ ಮುಂದೆ ಕೂತು ಮೊದಲಿನಿಂದ ಕೊನೆಯ ತನಕ ಓದಿದೆ. ಬುಟ್ಟಿಯ ತುಂಬ ಮೆಂತೆ ಇತ್ತು, ಪ್ರತಿ ವಾಕ್ಯಕ್ಕೂ ಹೂಂ ಬಂತು. ನನಗೆ ಹಿಗ್ಗೋ ಹಿಗ್ಗು. ಕೊನೆಯ ಸಾಲು ಓದಿ ಕಾಗದ ಕೆಳಗಿಟ್ಟು ಆಕೆಯ ಮುಖ ನೋಡುತ್ತ ಕೂತೆ.

“ಹೂಂ. ಮುಂದ?” ಎಂದಳು.

“ಮುಗೀತಬೇ.”

ಅವ್ವ ಸೋಸಿದ ಸೊಪ್ಪನ್ನೂ ನನ್ನನ್ನೂ ಒಮ್ಮೆ ನೋಡಿದಳು. “ಇಷ್ಟಕ್ಕ ನಾ ಇಷ್ಟೊತ್ತನಾ ಹೂಂ ಅಂದ್ನೇನು?” ಎಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.