ಒಂಟಿ ಚಪ್ಪಲಿಯ ಹಲ್ಲುನೋವು

ಜ್ವರ ಎಂದು ಹೇಳಬೇಕೆಂದೇ ಗುಮಾಸ್ತ ಮನೆಯಿಂದ ಹೊರಟಿದ್ದ. ದಾರಿಯುದ್ದಕ್ಕೂ ಅಭ್ಯಾಸವನ್ನೂ ಮಾಡಿಕೊಂಡಿದ್ದ. ಕಣ್ಣು ಅರ್ಧ ಮುಚ್ಚುವುದು, ದನಿ ಇಳಿಸುವುದು, 'ಸಾರ್' ಎಂಬ ಚಿಕ್ಕ ಪದವನ್ನು ಮೂರು ತುಂಡು ಮಾಡಿ ನರಳುವುದು. ಎಲ್ಲವೂ ಸರಿಯಾಗಿತ್ತು. ಆದರೆ ಮೇಲ್ವಿಚಾರಕರ ಮೇಜಿನ ಮುಂದೆ ನಿಂತು, "ಸಾರ್, ಮಧ್ಯಾಹ್ನದ ಮೇಲೆ ರಜೆ ಬೇಕಿತ್ತು, ನಂಗೆ..." ಅನ್ನುವಷ್ಟರಲ್ಲಿ ಅವರು ಡ್ರಾಯರ್ ಎಳೆದು ಒಂದು ಥರ್ಮಾಮೀಟರ್ ಹೊರತೆಗೆದರು.

ಅದು ಹಿಂದಿನ ವಾರ ಯಾವುದೋ ಬಸ್ಸಿನ ಸೀಟಿನ ಕೆಳಗೆ ಸಿಕ್ಕಿದ್ದು. ಅವರು ತೆಗೆದದ್ದು ಪಟ್ಟಿಯೊಂದಿಗೆ ತಾಳೆ ನೋಡಲಿಕ್ಕೆ, ಅಷ್ಟೆ. ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ.

"ನಿಮಗೆ? ಏನಾಗಿದೆ ನಿಮಗೆ?"

"ಹಲ್ಲು ಸಾರ್. ಹಲ್ಲು ನೋವು."

ನಾಲಿಗೆ ಜಾರಿ ಹಲ್ಲಿನ ಮೇಲೆ ಬಿದ್ದಿತ್ತು. ಇನ್ನು ಎತ್ತುವ ಹಾಗಿರಲಿಲ್ಲ.

ಸುಳ್ಳಿಗೆ ಬಲವಾದ ಕಾರಣವಿತ್ತು. ಗುಮಾಸ್ತ ನಾಲ್ಕು ವರ್ಷದಿಂದ ಗುಟ್ಟಾಗಿ ಒಂದು ಬ್ಲಾಗ್ ಬರೆಯುತ್ತಿದ್ದ. ಅದಕ್ಕೆ 'ಒಂಟಿ ಚಪ್ಪಲಿ' ಎಂದು ಹೆಸರು. ಬಸ್ ನಿಲ್ದಾಣದಲ್ಲಿ ಜನ ಮರೆತುಹೋದ ಸಾಮಾನುಗಳ ಕೋಣೆಯಲ್ಲಿ ಕೂತವನಿಗೆ ಬೇರೆ ಯಾವ ಹೆಸರು ಹೊಳೆದೀತು? ಗುರುತು ಸಿಗಬಾರದೆಂದು ಬರಹದಲ್ಲಿ ಆ ಕೋಣೆಯನ್ನು ಗ್ರಂಥಾಲಯ ಮಾಡಿದ್ದ, ಕೊಡೆಗಳನ್ನೆಲ್ಲ ಪುಸ್ತಕ ಮಾಡಿದ್ದ, ಮೇಲ್ವಿಚಾರಕರನ್ನು 'ದೊಡ್ಡ ಬೀಗ' ಮಾಡಿದ್ದ. ಓದುಗರು ಒಟ್ಟು ಹನ್ನೊಂದು ಮಂದಿ. ಅವರಲ್ಲಿ ಒಬ್ಬಳು ಹೆಂಡತಿ. ಅವಳು ಓದುತ್ತಿದ್ದದ್ದೂ ತನ್ನ ವಿಷಯ ಏನಾದರೂ ಬರೆದಿದ್ದಾನೋ ಎಂದು ಪರೀಕ್ಷಿಸಲಿಕ್ಕೆ. ಉಳಿದವರಲ್ಲಿ ಮೂವರು ಜೀವದ ಗೆಳೆಯರು. ಮೂವರೂ ಬ್ಲಾಗ್ ಬರೆಯುವವರೇ, ಮೂವರ ಮುಖವನ್ನೂ ಅವನು ನೋಡಿರಲಿಲ್ಲ.

'ಅರ್ಧ ಚಮಚ' ಎನ್ನುವವರು ಸಂಜೆಯ ಟೀ ಬಗ್ಗೆಯೇ ಇನ್ನೂರು ಲೇಖನ ಬರೆದಿದ್ದರು. 'ನಿದ್ದೆಗೇಡಿ' ಎನ್ನುವವರು ರೈಲಿನಲ್ಲಿ ಜನ ಮಲಗುವ ಭಂಗಿಗಳನ್ನು ವರ್ಣಿಸುತ್ತಿದ್ದರು. 'ಮೊಂಡು ಪೆನ್ಸಿಲ್' ಯಾವುದೋ ಶಾಲೆಯ ಹೆಡ್‌ಮಾಸ್ಟರಂತೆ. ಕೈಕೆಳಗಿನ ಸಹಾಯಕನಿಂದ ತಾನು ಪಡುವ ಪಾಡನ್ನು ಎಷ್ಟು ಸೊಗಸಾಗಿ ಬರೆಯುತ್ತಿದ್ದರೆಂದರೆ, ಓದಿ ಗುಮಾಸ್ತನಿಗೆ ಕಣ್ಣೀರು ಬರುವಷ್ಟು ನಗು. ಬೆಳಿಗ್ಗೆ ಎದ್ದವನೇ ಮುಖ ತೊಳೆಯುವ ಮೊದಲು ಫೋನು ನೋಡುತ್ತಿದ್ದ. ಒಂದು ಕಮೆಂಟ್ ಇದ್ದರೆ ಆ ದಿನ ಬಸ್ಸಿನಲ್ಲಿ ನಿಂತೇ ಹೋದರೂ ಕೂತ ಹಾಗಿರುತ್ತಿತ್ತು. ಒಮ್ಮೆ ಮೂರು ದಿನ ಅವನು ಏನೂ ಬರೆಯಲಿಲ್ಲ. ಮೈ ಹುಷಾರಿಲ್ಲದೆ ಕಚೇರಿಗೂ ಹೋಗಿರಲಿಲ್ಲ. ಕಚೇರಿಯವರು ಯಾರೂ ವಿಚಾರಿಸಲಿಲ್ಲ. ಅರ್ಧ ಚಮಚ ಮಾತ್ರ, "ಚಪ್ಪಲಿಯವರೇ, ಎಲ್ಲಾದರೂ ಎಡವಿದಿರಾ?" ಎಂದು ಕೇಳಿದ್ದರು. ಆ ಒಂದು ಸಾಲನ್ನು ಅವನು ಇನ್ನೂ ಅಳಿಸಿರಲಿಲ್ಲ.

ಆ ನಾಲ್ವರು ಮೊದಲ ಸಲ ಒಟ್ಟಿಗೆ ಸೇರುವ ದಿನ ಇದು. ನಿದ್ದೆಗೇಡಿ ಒಂದು ರೈಲಿನಿಂದ ಇಳಿದು ಇನ್ನೊಂದನ್ನು ಹತ್ತುವ ನಡುವೆ ಎರಡು ಗಂಟೆ ಈ ಊರಿನಲ್ಲಿರುತ್ತಾರೆ. ನಾಲ್ಕರಿಂದ ಆರು. ರೈಲು ನಿಲ್ದಾಣದ ಎದುರಿನ ಟೀ ಅಂಗಡಿ, ಕಿಟಕಿ ಪಕ್ಕದ ಮೇಜು. ಇದು ತಪ್ಪಿದರೆ ಮತ್ತೆ ಯಾವ ಜನ್ಮಕ್ಕೋ. ಆದರೆ ಆ ವಾರ ಇಡೀ ಕೋಣೆಯ ಸಾಮಾನು ವಿಂಗಡಿಸುವ ಕೆಲಸ. ಕಾಯಿಲೆ ಹೊರತು ಯಾರಿಗೂ ರಜೆಯಿಲ್ಲ ಎಂದು ಗೋಡೆಯ ಮೇಲೆಯೇ ಅಂಟಿಸಿದ್ದರು. ಏನೇ ಆಗಲಿ, ನಾಲ್ಕಕ್ಕೆ ಆ ಮೇಜಿನ ಮುಂದೆ ಇರುತ್ತೇನೆ ಎಂದು ಗುಮಾಸ್ತ ಹಲ್ಲು ಕಚ್ಚಿ ನಿರ್ಧರಿಸಿದ್ದ.

"ಯಾವ ಹಲ್ಲು?" ಎಂದರು ಮೇಲ್ವಿಚಾರಕರು.

ಗುಮಾಸ್ತ ಬಲಗೆನ್ನೆ ಮುಟ್ಟಿದ.

"ನೋಡೋಣ. ಮಧ್ಯಾಹ್ನದವರೆಗೆ ಕೆಲಸ ಮಾಡಿ. ತಾನಾಗೇ ಹೋದರೂ ಹೋಗಬಹುದು."

ಸುದ್ದಿ ಹತ್ತು ನಿಮಿಷದಲ್ಲಿ ನಿಲ್ದಾಣವೆಲ್ಲ ಹಬ್ಬಿತು. ಮೊದಲು ಬಂದದ್ದು ಟಿಕೆಟ್ ಕೌಂಟರಿನ ಅಕ್ಕ. ಪ್ರಯಾಣಿಕರ ಸಾಲನ್ನು ಹಾಗೇ ನಿಲ್ಲಿಸಿ ಬಂದಿದ್ದರು.

"ಬಾಯಿ ತೆಗಿ ತಮ್ಮಾ. ಇದು ಲವಂಗ. ಕಚ್ಚಿ ಹಿಡ್ಕೋ, ಅಗೀಬೇಡ."

"ಬೇಡಕ್ಕಾ, ಅಷ್ಟೇನಿಲ್ಲ..."

"ಅಷ್ಟೇನಿಲ್ವಾ? ಮತ್ತೆ ರಜೆ ಯಾಕೆ ಕೇಳ್ದೆ?"

ಗುಮಾಸ್ತ ಬಾಯಿ ತೆಗೆದ. ಒಂದಲ್ಲ, ನಾಲ್ಕು ಲವಂಗ ಒಳಗೆ ಹೋದವು. ಕಿವಿಯಿಂದ ಹೊಗೆ ಬಂದಂತಾಯಿತು.

ಆಮೇಲೆ ಬಾಗಿಲು ಕಾಯುವ ಮುದುಕಪ್ಪ ಕುದಿಯುವ ಉಪ್ಪುನೀರಿನ ಲೋಟ ಹಿಡಿದು ಬಂದ. "ಮುಕ್ಕಳಿಸಿ ಸ್ವಾಮಿ. ನಮ್ಮಪ್ಪಂಗೆ ಎಂಬತ್ತು ವರ್ಷಕ್ಕೂ ಒಂದು ಹಲ್ಲು ಅಲ್ಲಾಡಿರಲಿಲ್ಲ, ಇದ್ರಿಂದಾನೇ." ಮುದುಕಪ್ಪನ ಸ್ವಂತ ಬಾಯಲ್ಲಿ ಎರಡೇ ಹಲ್ಲಿದ್ದವು, ಅದನ್ನು ಎತ್ತಿ ತೋರಿಸುವುದು ಸೌಜನ್ಯವಾಗುತ್ತಿರಲಿಲ್ಲ. ಗುಮಾಸ್ತ ಮುಕ್ಕಳಿಸಿದ. ಲವಂಗದ ಉರಿಯ ಮೇಲೆ ಉಪ್ಪುನೀರು ಬಿದ್ದು, ಇಲ್ಲದ ನೋವಿಗೆ ಈಗ ಒಂದು ಆಧಾರ ಸಿಕ್ಕಿತು. ಅಷ್ಟಕ್ಕೇ ಬಿಡದೆ ಮುದುಕಪ್ಪ ಕಪಾಟಿನಲ್ಲಿದ್ದ, ಯಾರೋ ಬಿಟ್ಟುಹೋದ ಹೂವಿನ ಶಾಲೊಂದನ್ನು ತಂದು ಅವನ ಗಲ್ಲದ ಕೆಳಗಿನಿಂದ ನೆತ್ತಿಗೆ ಬಿಗಿಯಾಗಿ ಕಟ್ಟಿದ. ಗಂಟು ತಲೆಯ ಮೇಲೆ ಮೊಲದ ಕಿವಿಗಳ ಹಾಗೆ ನಿಂತಿತು. ಕಳೆದ ಕೊಡೆ ಕೇಳಿಕೊಂಡು ಬಂದ ಒಬ್ಬ ಹೆಂಗಸು ಅವನನ್ನು ನೋಡಿ, "ನಿಧಾನಕ್ಕೆ ಬರ್ತೀನಿ ಬಿಡಿ" ಎಂದು ಹೊರಟೇಹೋದಳು.

"ಕಮ್ಮಿ ಆಯ್ತಾ?" ಎಂದು ಅರ್ಧ ಗಂಟೆಗೊಮ್ಮೆ ಒಬ್ಬರು ಕೇಳುತ್ತಿದ್ದರು. ಆಯಿತು ಎಂದರೆ ರಜೆಯಿಲ್ಲ. ಇಲ್ಲ ಎಂದರೆ ಇನ್ನೊಂದು ಔಷಧ. ಗುಮಾಸ್ತ ಪಟ್ಟು ಬಿಡದೆ "ಇಲ್ಲ" ಅನ್ನುತ್ತಲೇ ಇದ್ದ. ಊಟದ ಹೊತ್ತಿಗೆ ಅಕ್ಕ ಅವನ ಡಬ್ಬಿಯನ್ನೇ ಕಿತ್ತುಕೊಂಡರು. "ಅಗಿದ್ರೆ ಇನ್ನೂ ಜಾಸ್ತಿ ಆಗುತ್ತೆ" ಎಂದು ಹೇಳಿ ಅದನ್ನು ಅಕ್ಕ, ಮುದುಕಪ್ಪ ಇಬ್ಬರೂ ಹಂಚಿಕೊಂಡು ಅವನೆದುರೇ ತಿಂದರು. ನಿಮ್ಮ ಮನೆಯವರ ಕೈರುಚಿ ಭಾರಿ ಚೆನ್ನಾಗಿದೆ ಎಂದು ಹೊಗಳಿದರು.

ಎರಡೂವರೆಗೆ ಅವನು ಮತ್ತೆ ಮೇಲ್ವಿಚಾರಕರ ಮುಂದೆ ನಿಂತ.

"ತಡೆಯೋಕೇ ಆಗ್ತಿಲ್ಲ ಸಾರ್. ಮನೆಗೆ ಹೋಗ್ಲಾ?"

ಮೇಲ್ವಿಚಾರಕರು ಗಡಿಯಾರ ನೋಡಿದರು, ಅವನನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು. ಆಮೇಲೆ ಧಡಕ್ಕನೆ ಎದ್ದರು.

"ಮನೆಗೆ ಹೋದ್ರೆ ಹಲ್ಲು ಸರಿಹೋಗುತ್ತೇನ್ರೀ? ನಡೀರಿ, ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಅಕ್ಕಾ, ಕೋಣೆ ಕಡೆ ಸ್ವಲ್ಪ ನೋಡ್ಕೊಳ್ಳಿ. ಇವರನ್ನ ಈ ಸ್ಥಿತೀಲಿ ಒಬ್ಬರನ್ನೇ ಕಳಿಸೋಕಾಗಲ್ಲ."

ಆರು ವರ್ಷದಲ್ಲಿ ಒಂದು ಪೆನ್ನು ಕೂಡ ಕೊಡದ ಮನುಷ್ಯ ಇವತ್ತು ಸ್ಕೂಟರ್ ಹತ್ತಿಸಿಕೊಂಡು ಹೊರಟಿದ್ದ! ಗುಮಾಸ್ತ ಹಿಂದೆ ಕೂತು ಲೆಕ್ಕ ಹಾಕಿದ. ಡಾಕ್ಟರು ನೋಡುವುದಕ್ಕೆ ಅರ್ಧ ಗಂಟೆ. ಅಲ್ಲಿಂದ ಟೀ ಅಂಗಡಿಗೆ ನಡೆದರೆ ಇಪ್ಪತ್ತು ನಿಮಿಷ. ಆದೀತು.

ದಂತವೈದ್ಯರು ಬಲಗಡೆಯ ಹಲ್ಲುಗಳನ್ನು ಒಂದೊಂದಾಗಿ ತಟ್ಟಿದರು, ಕನ್ನಡಿಯಲ್ಲಿ ನೋಡಿದರು, ಫೋಟೋ ತೆಗೆದರು.

"ಹುಳುಕು ಏನೂ ಇಲ್ವಲ್ಲ. ನಿಜವಾಗಲೂ ನೋವಿದೆಯಾ?"

ಮೇಲ್ವಿಚಾರಕರು ಕುರ್ಚಿಯ ಪಕ್ಕದಲ್ಲೇ, ಬಾಯೊಳಗೆ ಬಗ್ಗಿ ನೋಡುತ್ತ ನಿಂತಿದ್ದರು. ಇಲ್ಲ ಎಂದರೆ ಸೀದಾ ಕಚೇರಿ. ಗುಮಾಸ್ತ ಕಣ್ಣು ಮುಚ್ಚಿ, "ಜೀವ ಹೋಗ್ತಿದೆ ಡಾಕ್ಟ್ರೇ" ಎಂದ.

"ಹಾಗಾದ್ರೆ ಈ ಬುದ್ಧಿಹಲ್ಲೇ ಇರಬೇಕು. ಸ್ವಲ್ಪ ವಾಲಿದೆ. ಮಾತ್ರೆ ಕೊಡ್ತೀನಿ, ಮುಂದಿನ ವಾರ ನೋಡೋಣ. ಅಥವಾ ಈಗಲೇ ಕೀಳಬಹುದು."

"ಕೀಳೋಕೆ ಎಷ್ಟು ಹೊತ್ತು?" ಎಂದು ಮೇಲ್ವಿಚಾರಕರು ಕೇಳಿದರು.

"ಇಪ್ಪತ್ತು ನಿಮಿಷ."

"ಕಿತ್ತ ಮೇಲೆ ಕೆಲಸ ಮಾಡಬಹುದಾ?"

"ಛೆ ಛೆ. ಮನೆಗೆ ಹೋಗಿ ಮಲಗಬೇಕು. ಮಾತ್ರೆ ಸಾಕು ಅಂದ್ರೆ ಈಗಲೇ ಕೆಲಸಕ್ಕೆ ಹೋಗಬಹುದು."

ಗುಮಾಸ್ತನ ಎದುರು ಎರಡು ದಾರಿಗಳು ಸ್ಪಷ್ಟವಾಗಿ ಕಂಡವು. ಒಂದರ ತುದಿಯಲ್ಲಿ ಮುನ್ನೂರು ಕೊಡೆಗಳು. ಇನ್ನೊಂದರ ತುದಿಯಲ್ಲಿ ಕಿಟಕಿ ಪಕ್ಕದ ಮೇಜು. ಮನುಷ್ಯನಿಗೆ ಮೂವತ್ತೆರಡು ಹಲ್ಲು, ಗೆಳೆಯರು ಮೂವರೇ.

"ಕೀಳಿ!" ಎಂದ.

"ಕೀಳಿ, ಬೇಗ ಕೀಳಿ!" ಎಂದರು ಮೇಲ್ವಿಚಾರಕರೂ, ಅವನಿಗಿಂತ ಉತ್ಸಾಹದಿಂದ.

ಮೂರೂಮುಕ್ಕಾಲಿಗೆ ಅವನು ಬಾಯ್ತುಂಬ ಹತ್ತಿ ಇಟ್ಟುಕೊಂಡು ಹೊರಬಂದ. ಎರಡು ಗಂಟೆ ಒಂದು ಮಾತೂ ಆಡಬಾರದು, ಬಿಸಿಯಾದದ್ದು ಕುಡಿಯಬಾರದು ಎಂದು ಡಾಕ್ಟರ ಅಪ್ಪಣೆ. "ಸೀದಾ ಮನೆಗೆ ಹೋಗಿ ಮಲಗಿ" ಎಂದು ಹೇಳಿ ಮೇಲ್ವಿಚಾರಕರು ಸ್ಕೂಟರ್ ಹತ್ತಿ ಭರ್ರನೆ ಹೊರಟುಹೋದರು. ಗುಮಾಸ್ತ ಶಾಲನ್ನು ಚೀಲಕ್ಕೆ ತುರುಕಿ ಓಡಿದ. ಕೆನ್ನೆ ಪರರದ್ದೋ ಎಂಬಷ್ಟು ಮರಗಟ್ಟಿತ್ತು, ಹೊಟ್ಟೆ ಖಾಲಿ ಡಬ್ಬಿಯಂತಿತ್ತು, ಆದರೆ ಕಾಲು ಮಾತ್ರ ಹದಿನೆಂಟರ ಪ್ರಾಯದ್ದು.

ಟೀ ಅಂಗಡಿಯ ಗಾಜಿನಾಚೆ ಕಿಟಕಿ ಪಕ್ಕದ ಮೇಜು ಕಂಡಿತು. ನರೆಗೂದಲಿನ ತೆಳ್ಳನೆಯ ಒಬ್ಬ ಹೆಂಗಸು ಟೀಗೆ ಅರ್ಧ ಚಮಚ ಸಕ್ಕರೆಯನ್ನು ಅಳೆದು ಹಾಕುತ್ತಿದ್ದರು. ಕಾಲಬುಡದಲ್ಲಿ ಸೂಟ್‌ಕೇಸ್ ಇಟ್ಟುಕೊಂಡ ದಪ್ಪನೆಯ ಮನುಷ್ಯನೊಬ್ಬ ಬಾಯ್ತುಂಬ ಆಕಳಿಸುತ್ತಿದ್ದ. ಗುಮಾಸ್ತನ ಕಣ್ಣು ತುಂಬಿ ಬಂತು. ಇವರೇ! ಅವರ ಎದುರು, ಬೆನ್ನು ತಿರುಗಿಸಿ ಕೂತವರು ಮೊಂಡು ಪೆನ್ಸಿಲ್ ಇರಬೇಕು. ಅವರು ನಗುತ್ತ ಪಕ್ಕಕ್ಕೆ ತಿರುಗಿದರು.

ಮೇಲ್ವಿಚಾರಕರು. ಆರು ವರ್ಷದಲ್ಲಿ ಅವರ ಹಲ್ಲು ಕಂಡದ್ದು ಅದೇ ಮೊದಲು.

ಗುಮಾಸ್ತ ಅಂಗಡಿಯ ಕಂಬದ ಹಿಂದೆ ಐದು ನಿಮಿಷ ನಿಂತ. ಓಡಿಹೋಗಬಹುದಿತ್ತು. ಆದರೆ ಒಂದು ಹಲ್ಲು ಕೊಟ್ಟು ಬಂದವನು ಬಾಗಿಲಿನಿಂದ ಹಿಂದಿರುಗುವುದುಂಟೇ? ಹಲ್ಲಿನ ಹಿಂದೆ ಕೆಲಸವೂ ಹೋಗಲಿ ಎಂದು ಒಳಗೆ ನುಗ್ಗಿದ.

"ಏನ್ರೀ ಇಲ್ಲಿ?" ಮೇಲ್ವಿಚಾರಕರು ಬೆಚ್ಚಿ ನಿಂತರು. "ಮನೆಗೆ ಹೋಗಿ ಮಲಗಿ ಅಂದಿದ್ನಲ್ಲ! ನನ್ನ ಹಿಂದೇನೇ ಬಂದ್ರಾ?"

"ಉಂ ಉಂ" ಎಂದ ಗುಮಾಸ್ತ. ಅವರ ಜೇಬಿನಿಂದಲೇ ಪೆನ್ನು ಎಳೆದುಕೊಂಡು ಟೀ ಬಿಲ್ಲಿನ ಹಿಂದೆ ದೊಡ್ಡದಾಗಿ ಬರೆದ: ಒಂಟಿ ಚಪ್ಪಲಿ.

"ಅಯ್ಯೋ, ನಮ್ಮ ಚಪ್ಪಲಿಯವರು!" ಅರ್ಧ ಚಮಚ ಎದ್ದು ಅವನ ಕೈ ಹಿಡಿದುಕೊಂಡರು. "ಬನ್ನಿ, ಕೂತ್ಕೊಳ್ಳಿ. ಕೆನ್ನೆಗೇನಾಯ್ತು? ಇವರು ನೋಡಿ, ಮೊಂಡು ಪೆನ್ಸಿಲ್. ಪಾಪ, ಸಹಾಯಕನ ಹಲ್ಲು ಕೀಳಿಸೋ ನೆಪದಲ್ಲಿ ತಪ್ಪಿಸಿಕೊಂಡು ಬಂದಿದ್ದಾರಂತೆ."

ಮೇಲ್ವಿಚಾರಕರು ಬಿಲ್ಲನ್ನು ಎರಡು ಸಲ ಓದಿದರು.

"ಹಾಗಾದ್ರೆ ಆ ಗ್ರಂಥಾಲಯದ ದೊಡ್ಡ ಬೀಗ..." ಎಂದು ನಿಲ್ಲಿಸಿದರು. 'ಇಂಥ ಬೀಗಕ್ಕೆ ಎಣ್ಣೆಯಲ್ಲ, ಸುತ್ತಿಗೆಯೇ ಬೇಕು' ಎಂದು ಹೋದ ತಿಂಗಳು ಕಮೆಂಟ್ ಹಾಕಿದವರು ಅವರೇ.

ನಿದ್ದೆಗೇಡಿಗೆ ಆಗ ಪೂರ್ತಿ ಎಚ್ಚರವಾಯಿತು. "ತಡೀರಿ ತಡೀರಿ! ಸಹಾಯಕ ಕಾಯಿಲೆ ಅಂದ್ರೆ ಏನ್ಮಾಡ್ಲಿ ಅಂತ ಪೆನ್ಸಿಲ್ ಕೇಳಿದಾಗ, ಕೈ ಹಿಡ್ಕೊಂಡು ಡಾಕ್ಟರ ಹತ್ರ ನೀವೇ ಕರ್ಕೊಂಡು ಹೋಗಿ, ಸುಳ್ಳು ತಾನಾಗೇ ಉದುರುತ್ತೆ ಅಂತ ಸಲಹೆ ಕೊಟ್ಟಿದ್ದು ಚಪ್ಪಲಿಯವರೇ ಅಲ್ವಾ?"

"ಹೌದು, ಹಾಗೇ ಮಾಡ್ದೆ" ಎಂದರು ಮೇಲ್ವಿಚಾರಕರು ಸಣ್ಣ ದನಿಯಲ್ಲಿ. "ಸುಳ್ಳು ಉದುರಲಿಲ್ಲ. ಹಲ್ಲು ಉದುರಿತು."

ಮೊದಲು ನಕ್ಕವರು ಅರ್ಧ ಚಮಚ. ಆಮೇಲೆ ಯಾರು ನಕ್ಕರು, ಯಾರು ಬಿಟ್ಟರು ಎಂಬುದು ತಿಳಿಯದಷ್ಟು ನಗು. ಟೀ ಬಂತು, ಗುಮಾಸ್ತ ಕುಡಿಯುವಂತಿರಲಿಲ್ಲ. ನಾಲ್ಕು ವರ್ಷದ ಮಾತು ಗಂಟಲಲ್ಲಿತ್ತು, ಆಡುವಂತಿರಲಿಲ್ಲ. ಅವನು ಬಿಲ್ಲುಗಳ ಹಿಂದೆ ಬರೆಬರೆದು ಕೊಟ್ಟ. ಅವರು ಒಂದೊಂದನ್ನೂ ಗಟ್ಟಿಯಾಗಿ ಓದಿ ಮೇಜು ಕುಟ್ಟಿದರು. ಎರಡು ಗಂಟೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ರೈಲು ಹತ್ತುವಾಗ ನಿದ್ದೆಗೇಡಿ ಅವನನ್ನು ತಬ್ಬಿಕೊಂಡು, "ಇಷ್ಟು ಚೆನ್ನಾಗಿ ಮಾತಾಡೋರನ್ನ ನಾನು ನೋಡೇ ಇಲ್ಲ" ಎಂದರು.

ಪ್ಲಾಟ್‌ಫಾರ್ಮಿನಲ್ಲಿ ಮೇಲ್ವಿಚಾರಕರು ಅವನ ಭುಜದ ಮೇಲೆ ಕೈಯಿಟ್ಟರು. "ಇಲ್ಲಿ ನಾವು ಗೆಳೆಯರು, ತಿಳೀತಾ? ಕಚೇರಿ ಬೇರೆ. ನಾನು ಸಿಬ್ಬಂದೀನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ, ಅದು ಡ್ಯೂಟಿ. ನೀವು ಸುಳ್ಳು ಹೇಳಿ ಬಂದಿದ್ದು. ನಾಳೆ ಎಂಟಕ್ಕೆ ಬಂದು ರಜೆ ಅರ್ಜಿ ಬರೆದುಕೊಡಿ."

ಹೋಗಲಿ, ಇಂಥ ಕತೆ ಯಾವ ಬ್ಲಾಗಿನವನಿಗೆ ಸಿಕ್ಕೀತು ಎಂದು ಗುಮಾಸ್ತ ಮನೆಗೆ ಬಂದವನೇ ಬರೆಯಲು ಕೂತ. ಏಳು ಗಂಟೆಗೆ ಸರಿಯಾಗಿ ಮರಗಟ್ಟಿದ್ದು ಬಿಟ್ಟಿತು. ದವಡೆಯೊಳಗೆ ಯಾರೋ ಗಿರಣಿ ಶುರುಮಾಡಿದಂತೆ ನಿಜವಾದ ನೋವು ಹೊರಟಿತು. ಒಂದು ಕೈಯಲ್ಲಿ ಕೆನ್ನೆ ಹಿಡಿದುಕೊಂಡು ಬ್ಲಾಗ್ ತೆರೆದ. ಮೊಂಡು ಪೆನ್ಸಿಲ್ ಆಗಲೇ ಇಡೀ ಕತೆ ಬರೆದು ಹಾಕಿಬಿಟ್ಟಿದ್ದರು! ಲವಂಗದಿಂದ ಹಿಡಿದು ಶಾಲಿನ ಗಂಟಿನವರೆಗೆ, ಒಂದನ್ನೂ ಬಿಟ್ಟಿರಲಿಲ್ಲ. ನಲವತ್ತು ಕಮೆಂಟು ಬಂದಿತ್ತು. ಅವನ ನಾಲ್ಕು ವರ್ಷದಲ್ಲಿ ಯಾವ ಬರಹಕ್ಕೂ ಅಷ್ಟು ಬಂದಿರಲಿಲ್ಲ. ಕೊನೆಯ ಸಾಲು ಹೀಗಿತ್ತು: 'ನಾಳೆಯೂ ಹಲ್ಲುನೋವು ಎಂದು ಅವನು ರಜೆ ಕೇಳಿದರೆ ನಂಬಬೇಕೋ ಬೇಡವೋ? ಗೆಳೆಯರು ಹೇಳಿ.'

ಗುಮಾಸ್ತ ನೋವಿನಿಂದ ತತ್ತರಿಸುತ್ತಲೇ ಒಂದೊಂದು ಅಕ್ಷರ ಒತ್ತಿದ: 'ನಂಬಿ. ದಯವಿಟ್ಟು ನಂಬಿ. ಈ ಸಲ ನಿಜ.'

ಒಂದೇ ನಿಮಿಷದಲ್ಲಿ ಉತ್ತರ ಬಂತು: 'ಗೆಳೆಯನ ಮಾತು, ನಂಬದೇ ಇರುವುದುಂಟೇ? ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬನ್ನಿ. ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ.'